ಸ್ಪಿರಿಟ್ ಹತ್ತಿ ಮುಟ್ಟಬೇಡಿ

ದೊಡ್ಡ ಪಂದ್ಯದ ರಾತ್ರಿ ಕ್ಯಾಶುವಾಲ್ಟಿಗೆ ಇನ್ನೊಬ್ಬ ವೈದ್ಯರನ್ನು ಕೊಡಿ ಎಂದು ಆಡಳಿತದವರನ್ನು ಕೇಳಿ ಕೇಳಿ ಸಾಕಾಗಿದೆ. 2025ರ ಜೂನ್ 3ರಂದು ಆರ್‌ಸಿಬಿ ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು ಆರು ರನ್ನುಗಳಿಂದ ಸೋಲಿಸಿ ಮೊದಲ ಸಲ ಐಪಿಎಲ್ ಗೆದ್ದಿತು. ಹದಿನೆಂಟು ವರ್ಷ ಕಾದ ಜನ ಅಂದು ಬೇಗ ಮಲಗುತ್ತಾರೆಯೇ? ರೋಸ್ಟರ್ ಬರೆದವರಿಗೆ ಮಾತ್ರ ಅದು ಮಾಮೂಲಿ ಮಂಗಳವಾರ. ಕೋಲಾರ ಜಿಲ್ಲೆಯ ನಮ್ಮ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ನಾನೊಬ್ಬನೇ.

ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದ ಹುಡುಗನೊಬ್ಬನನ್ನು ತಂದರು, ತೊಡೆಮೂಳೆ ಮುರಿದಿತ್ತು. ಹಿಂದೆಯೇ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಡಿಡಿ ಕೇಸಿನ, ಅಂದರೆ ಕುಡಿದು ವಾಹನ ಓಡಿಸಿದ ಆರೋಪದ, ಯುವಕನನ್ನು ಕರೆತಂದರು. ನಾಕಾಬಂದಿಯಲ್ಲಿ ಕಾರು ನಿಲ್ಲಿಸಿದಾಗ ಆತ ಉಸಿರಿನಲ್ಲಿ ಮದ್ಯದ ಪ್ರಮಾಣ ಅಳೆಯುವ ಆಲ್ಕೋಮೀಟರ್‌ಗೆ ಊದಲು ಒಪ್ಪಿರಲಿಲ್ಲ. ಹಾಗಾಗಿ ರಕ್ತದ ಪರೀಕ್ಷೆಯೇ ಗತಿ. ಮೋಟಾರು ವಾಹನ ಕಾಯ್ದೆಯ 202ನೇ ಕಲಮಿನಂತೆ ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಟ್ಟು ಕಳುಹಿಸಬೇಕು. ಠಾಣೆಯ ಕಾಗದಪತ್ರದಲ್ಲೇ ಬಹುಪಾಲು ಸಮಯ ಮುಗಿದಿತ್ತು.

“ಡಾಕ್ಟರೇ, ಇನ್ನು ಅರ್ಧ ಗಂಟೆಯೂ ಇಲ್ಲ” ಎಂದರು ಹೆಡ್ ಕಾನ್‌ಸ್ಟೆಬಲ್. ಹುಡುಗನ ಬಿಪಿ ಇಳಿಯುತ್ತಿತ್ತು; ಅವನನ್ನು ಬಿಟ್ಟು ಬರುವುದು ಸಾಧ್ಯವೇ ಇರಲಿಲ್ಲ. ಡ್ರಿಪ್ ಹಾಕಿ, ಮುರಿದ ಕಾಲು ಅಲುಗದಂತೆ ಥಾಮಸ್ ಸ್ಪ್ಲಿಂಟ್ ಕಟ್ಟಿ, ರೆಫರಲ್ ಬರೆದು 108ಕ್ಕೆ ಹತ್ತಿಸುವವರೆಗೂ ಕಾನ್‌ಸ್ಟೆಬಲ್ ಗೋಡೆ ಗಡಿಯಾರವನ್ನೂ ನನ್ನ ಮುಖವನ್ನೂ ನೋಡುತ್ತಲೇ ಇದ್ದರು. ಬಾಗಿಲಲ್ಲಿ ಯುವಕನ ಗೆಳೆಯರು, “ಕಪ್ ಗೆದ್ದ ಖುಷಿ ಸರ್, ಇದೊಂದು ದಿನ ಬಿಟ್ಟುಬಿಡಿ” ಎನ್ನುತ್ತಿದ್ದರು. ಸ್ಟ್ರೆಚರ್ ಅವರ ಪಕ್ಕದಲ್ಲೇ ಹೋಯಿತು. ಮೈ ಉರಿದುಹೋಯಿತು.

ತಿರುಗಿ ನೋಡಿದರೆ, ಹೊಸದಾಗಿ ಸೇರಿದ ನರ್ಸ್ ಯುವಕನ ತೋಳಿಗೆ ಪಟ್ಟಿ ಬಿಗಿದು, ಅಭ್ಯಾಸದಂತೆ ಸ್ಪಿರಿಟ್ ಹತ್ತಿ ಕೈಗೆತ್ತಿಕೊಂಡಿದ್ದರು. “ಸಿಸ್ಟರ್, ಅದು ಬೇಡ!” ಎಂದು ಕೂಗಿದೆ. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ಅಷ್ಟು ಸಣ್ಣ ಲೆಕ್ಕದಲ್ಲಿ ಸೂಜಿ ಚುಚ್ಚುವ ಜಾಗಕ್ಕೇ ಆಲ್ಕೋಹಾಲ್ ಸವರಿದರೆ ನ್ಯಾಯಾಲಯದಲ್ಲಿ ವಕೀಲರು ಎತ್ತುವ ಮೊದಲ ಪ್ರಶ್ನೆಯೇ ಅದು. ಸೋಪು ನೀರಿನಿಂದ ಒರೆಸಿ, ಚರ್ಮ ಒಣಗಿದ ಮೇಲೆ ರಕ್ತ ತೆಗೆದು, ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ಹಾಕಿದೆವು. ಫ್ಲೋರೈಡ್ ಇಲ್ಲದಿದ್ದರೆ ಸೂಕ್ಷ್ಮಜೀವಿಗಳಿಂದ ಮಾದರಿಯಲ್ಲಿನ ಆಲ್ಕೋಹಾಲ್ ಪ್ರಮಾಣವೇ ಏರುಪೇರಾಗಬಹುದು. ನಡಿಗೆ, ಮಾತು, ಕಣ್ಣಿನ ಪಾಪೆ ನೋಡಿ ಬರೆದು, ಲೇಬಲ್ ಅಂಟಿಸಿ, ಅರಗು ಕರಗಿಸಿ ಮೊಹರು ಒತ್ತುವಾಗ ಅವಧಿ ಮುಗಿಯಲು ಐದಾರು ನಿಮಿಷವಷ್ಟೇ ಬಾಕಿ.

ಮೊದಲ ಅಪರಾಧಕ್ಕೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಎಂದು ಕಾನೂನು ಹೇಳುತ್ತದೆ. ಆದರೆ ಹೆದ್ದಾರಿಯಲ್ಲಿ ಹಿಡಿದವನ ಕೇಸು ಆಸ್ಪತ್ರೆಯ ಮೇಜಿನ ಮೇಲೆ ಬಿದ್ದುಹೋಗುವುದು ಎಷ್ಟು ಸುಲಭ! ಪಂದ್ಯದ ವೇಳಾಪಟ್ಟಿ ಮೊದಲೇ ಪ್ರಕಟವಾಗುತ್ತದೆ. ನಾಕಾಬಂದಿ ಇದೆಯೆಂದು ಪೊಲೀಸರು ಸಂಜೆಯೇ ತಿಳಿಸಲಿ, ಬಂಧಿಸಿದವರನ್ನು ನೇರವಾಗಿ ಆಸ್ಪತ್ರೆಗೆ ತರಲಿ. ಟ್ಯೂಬು, ಲೇಬಲ್, ಅರಗು ಇರುವ ಪ್ರತ್ಯೇಕ ಟ್ರೇಯನ್ನು ನಾವು ಸಿದ್ಧವಿಟ್ಟಿದ್ದೇವೆ. ಅದರಲ್ಲಿ ಸ್ಪಿರಿಟ್ ಇಡುವುದಿಲ್ಲ. ಎರಡನೇ ವೈದ್ಯರನ್ನು ಆಡಳಿತವೇ ಕೊಡಬೇಕು.