ಸುವಾರ್ತೆ ತಂದವರ ನಾಡಿನಲ್ಲಿ ದೇವಾಲಯಗಳು ಬರಿದಾಗಿವೆಯೇ?

ಸ್ಟುಟ್‌ಗಾರ್ಟ್ ಸಮೀಪದ ಊರೊಂದರಲ್ಲಿ ನೆಲೆಸಿರುವ ನಾನು ರಜೆಗೆ ಮಂಗಳೂರಿಗೆ ಬಂದಾಗಲೆಲ್ಲ, ಭಾನುವಾರದ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರು ಕೇಳುವ ಪ್ರಶ್ನೆ ಒಂದೇ: "1834ರಲ್ಲಿ ಬಾಸೆಲ್ ಮಿಷನ್‌ನವರು ನಮಗೆ ಸುವಾರ್ತೆ ತಂದರು, ಈಗ ಅವರ ದೇಶಗಳಲ್ಲೇ ದೇವಾಲಯಗಳು ಖಾಲಿಯಂತೆ, ಹೌದೋ?" ಆ ಮಿಷನ್ನಿನ ಪಾದ್ರಿಗಳಾಗಿದ್ದ ಗುಂಡರ್ಟ್, ಮೋಗ್ಲಿಂಗ್ ಅವರ ಹುಟ್ಟುನಾಡಿನಲ್ಲೇ ನಾನು ವಾಸಿಸುತ್ತಿರುವುದರಿಂದ ಈ ಪ್ರಶ್ನೆ ನನ್ನನ್ನು ನೋಯಿಸುತ್ತದೆ. ಆದರೆ ಹೌದೆಂದು ಒಂದೇ ಮಾತಿನಲ್ಲಿ ಮುಗಿಸುವಂತೆಯೂ ಇಲ್ಲ, ಏಕೆಂದರೆ ಯುರೋಪಿನ ಒಂದೊಂದು ದೇಶದ ಕಥೆ ಒಂದೊಂದು ಬಗೆ.

ಜರ್ಮನಿಯಲ್ಲಿ ಸಭೆಯ, ಅಂದರೆ ಚರ್ಚಿನ, ಸದಸ್ಯತ್ವ ಸರ್ಕಾರಿ ಕಾಗದದಲ್ಲಿ ದಾಖಲಾಗುವ ಸಂಗತಿ. ನಾನು ಪುರಭವನದಲ್ಲಿ ವಿಳಾಸ ನೋಂದಾಯಿಸಿದ ದಿನ ಅರ್ಜಿಯಲ್ಲಿ ಧರ್ಮದ ಕಲಮೂ ಇತ್ತು. ಅಲ್ಲಿ ಬರೆದುದರ ಫಲವಾಗಿ ಸಂಬಳದ ಚೀಟಿಯಲ್ಲಿ ಆದಾಯ ತೆರಿಗೆಯ ಜೊತೆಗೆ ಚರ್ಚ್ ತೆರಿಗೆಯೂ ಕಾಣಿಸಿಕೊಂಡಿತು. ನಾನಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಮತ್ತು ಬವೇರಿಯಾದಲ್ಲಿ ಅದು ಆದಾಯ ತೆರಿಗೆಯ ಶೇ 8ರಷ್ಟು, ಉಳಿದೆಡೆ ಶೇ 9ರಷ್ಟು. ಬೇಡವೆಂದರೆ ಕಚೇರಿಗೆ ಹೋಗಿ, ಸಭೆಯನ್ನು ಬಿಡುತ್ತಿದ್ದೇನೆಂದು ಘೋಷಿಸಬೇಕು. 2022ರ ಒಂದೇ ವರ್ಷದಲ್ಲಿ ಕ್ಯಾಥೊಲಿಕ್ ಸಭೆಯನ್ನು ಬಿಟ್ಟವರು 5.2 ಲಕ್ಷಕ್ಕೂ ಹೆಚ್ಚು. ತೆರಿಗೆ ಇದಕ್ಕೆ ನೆಪವೇ ಹೊರತು ಕಾರಣವಲ್ಲ ಎಂಬುದು ನನ್ನ ಅಭಿಪ್ರಾಯ. ಮಕ್ಕಳ ಮೇಲೆ ಪಾದ್ರಿಗಳು ನಡೆಸಿದ ದೌರ್ಜನ್ಯವನ್ನು ಮುಚ್ಚಿಟ್ಟ ವಿಷಯ ಬಯಲಾದಾಗ, ಎಂದೋ ತಣ್ಣಗಾಗಿದ್ದ ಸಂಬಂಧವನ್ನು ಜನ ಕಡಿದುಕೊಂಡರು.

ಪಕ್ಕದ ಚೆಕ್ ದೇಶ ಮತ್ತು ಪೋಲೆಂಡ್ ಇನ್ನೂ ಹೆಚ್ಚು ಕಲಿಸುತ್ತವೆ. ಎರಡೂ ಸ್ಲಾವ್ ನಾಡುಗಳು, ಎರಡೂ ನಾಲ್ಕು ದಶಕ ಕಮ್ಯುನಿಸ್ಟ್ ಆಳ್ವಿಕೆ ಕಂಡವು; ಆದರೂ ಒಂದು ಯುರೋಪಿನಲ್ಲೇ ಅತಿ ಕಡಿಮೆ ಧಾರ್ಮಿಕತೆಯ ದೇಶಗಳ ಸಾಲಿನಲ್ಲಿದೆ, ಇನ್ನೊಂದು ಬಹುಕಾಲ ಕ್ಯಾಥೊಲಿಕ್ ಕೋಟೆಯಾಗಿತ್ತು. ಚೆಕ್ಕರ ಸುಧಾರಕ ಯಾನ್ ಹುಸ್ ಅವರನ್ನು ಚರ್ಚಿನ ತೀರ್ಪಿನ ಮೇರೆಗೆ 1415ರಲ್ಲಿ ಕೊನ್‌ಸ್ಟಾಂಜ್‌ನಲ್ಲಿ ಸುಟ್ಟರು. 1620ರ ಬಿಳಿಬೆಟ್ಟದ ಕದನದಲ್ಲಿ ಗೆದ್ದ ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ಅರಸರು ಪ್ರಾಟೆಸ್ಟಂಟರನ್ನು ಬಲವಂತದಿಂದ ಕ್ಯಾಥೊಲಿಕರನ್ನಾಗಿಸಿದರು. ಹೀಗಾಗಿ ಅಲ್ಲಿ ಚರ್ಚೆಂದರೆ ಹೊರಗಿನ ದೊರೆಯ ಕೈ ಎಂಬ ಭಾವ ಬೇರೂರಿತು. ಪೋಲೆಂಡಿನಲ್ಲಿ ನಡೆದದ್ದು ತದ್ವಿರುದ್ಧ: 1795ರಲ್ಲಿ ನೆರೆಯ ರಾಜ್ಯಗಳು ಹಂಚಿಕೊಂಡು ದೇಶವೇ ಭೂಪಟದಿಂದ ಅಳಿಸಿಹೋದ ಮೇಲೆ ಪೋಲಿಷ್ ಭಾಷೆಯನ್ನೂ ಸ್ವಾಭಿಮಾನವನ್ನೂ ಉಳಿಸಿಕೊಟ್ಟದ್ದರಲ್ಲಿ ಚರ್ಚಿನ ಪಾಲು ದೊಡ್ಡದು. 1978ರಲ್ಲಿ ಪೋಪ್ ಆದ ಎರಡನೆಯ ಜಾನ್ ಪಾಲ್ ಮರುವರ್ಷ ತಾಯ್ನಾಡಿಗೆ ಬಂದಾಗ ಕೂಡಿದ ಜನಸಾಗರವೇ ಕಮ್ಯುನಿಸ್ಟ್ ಆಳ್ವಿಕೆಗೆ ಸವಾಲೊಡ್ಡಿದ ಕಾರ್ಮಿಕರ ಸಾಲಿಡಾರಿಟಿ ಚಳವಳಿಗೆ ಧೈರ್ಯ ತುಂಬಿತು. ಅದೇ ಚರ್ಚು ಈಚಿನ ವರ್ಷಗಳಲ್ಲಿ ಅಧಿಕಾರಕ್ಕೆ ಹತ್ತಿರವಾದಂತೆ ಯುವಜನರು ದೂರ ಸರಿದರು. 2011ರ ಜನಗಣತಿಯಲ್ಲಿ ಶೇ 87ರಷ್ಟಿದ್ದ ಕ್ಯಾಥೊಲಿಕರು 2021ರಲ್ಲಿ ಶೇ 71ಕ್ಕೆ ಇಳಿದರು. ಧರ್ಮದ ಪ್ರಶ್ನೆಗೆ ಉತ್ತರಿಸಲು ಒಪ್ಪದವರೇ ಐವರಲ್ಲಿ ಒಬ್ಬರಷ್ಟಿದ್ದರು ಎಂಬುದನ್ನೂ ಗಮನಿಸಬೇಕು.

ಜನರ ಜೊತೆ ನಿಂತ ಸಭೆ ಉಳಿಯುತ್ತದೆ ಎಂದು ಇದರಿಂದ ಹೇಳಿಬಿಡಲು ನನಗೆ ಆಸೆ. ಆದರೆ ಲೈಪ್‌ಸಿಗ್ ನಗರದ ಕಥೆ ಅದನ್ನು ತಡೆಯುತ್ತದೆ; ಅದು ಆಗ ಕಮ್ಯುನಿಸ್ಟ್ ಪೂರ್ವ ಜರ್ಮನಿಯಲ್ಲಿತ್ತು. 1989ರ ಅಕ್ಟೋಬರ್ 9ರಂದು ಅಲ್ಲಿನ ನಿಕೊಲಾಯ್ ದೇವಾಲಯದ ಸೋಮವಾರದ ಪ್ರಾರ್ಥನೆಯಿಂದ ಹೊರಟವರ ಜೊತೆ ಸುಮಾರು 70,000 ಜನ ಸರ್ಕಾರದ ವಿರುದ್ಧ ಬೀದಿಯಲ್ಲಿ ಸೇರಿದರು. ಒಂದು ತಿಂಗಳಲ್ಲಿ ಬರ್ಲಿನ್ ಗೋಡೆ ಉರುಳಿತು. ಆದರೂ ಪೂರ್ವ ಜರ್ಮನಿಯ ಜನ ದೇವಾಲಯಕ್ಕೆ ಮರಳಲಿಲ್ಲ. ಅಲ್ಲಿನ ಸರ್ಕಾರ ಹದಿನಾಲ್ಕರ ಮಕ್ಕಳಿಗೆ ದೃಢೀಕರಣದ (ಹರೆಯದವರು ಸಭೆಯಲ್ಲಿ ತಮ್ಮ ನಂಬಿಕೆಯನ್ನು ದೃಢಪಡಿಸುವ ವಿಧಿಯ) ಬದಲು ತನ್ನದೇ ದೀಕ್ಷಾ ಸಮಾರಂಭವನ್ನು ದಶಕಗಳ ಕಾಲ ನಡೆಸಿತ್ತು. ಮನೆಯಲ್ಲಿ ಪ್ರಾರ್ಥನೆ ಕಲಿಸಬಲ್ಲ ತಲೆಮಾರೇ ಉಳಿದಿರಲಿಲ್ಲ.

ಇನ್ನೂ ಎರಡು ದೇಶಗಳ ಕಥೆ ಬೇರೆಯೇ. ಡೆನ್ಮಾರ್ಕಿನಲ್ಲಿ ಶೇ 70ರಷ್ಟು ಜನ ಸಭೆಯ ಸದಸ್ಯರು, ಭಾನುವಾರ ಬರುವವರು ಕೆಲವರೇ. 1905ರ ಕಾನೂನಿನಿಂದ ಧರ್ಮವನ್ನು ಸರ್ಕಾರದಿಂದ ಬೇರ್ಪಡಿಸಿದ ಫ್ರಾನ್ಸಿನಲ್ಲಿ 2025ರ ಈಸ್ಟರ್‌ಗೆ ಹತ್ತು ಸಾವಿರಕ್ಕೂ ಹೆಚ್ಚು ವಯಸ್ಕರು ದೀಕ್ಷಾಸ್ನಾನ ಪಡೆದರು.

ನಾನಿರುವ ಜರ್ಮನ್ ಊರಿನ ದೇವಾಲಯದಲ್ಲಿ ಬೆಳಗಿನ ಆರಾಧನೆಗೆ ಇಪ್ಪತ್ತು ಮಂದಿ ಸೇರಿದರೆ ಹೆಚ್ಚು, ಹೆಚ್ಚಿನವರು ನರೆಗೂದಲಿನವರು. ಮಧ್ಯಾಹ್ನ ಅದೇ ಕಟ್ಟಡದಲ್ಲಿ ಎರಿಟ್ರಿಯದಿಂದ ಬಂದ ಆರ್ಥೊಡಾಕ್ಸ್ ಕುಟುಂಬಗಳು ಬಿಳಿ ಹೊದಿಕೆ ಹೊದ್ದು ಕೂಡುತ್ತವೆ, ಮಕ್ಕಳು ಗಂಟೆಗಟ್ಟಲೆ ನಿಂತು ಹಾಡುತ್ತಾರೆ. ಅವರು ಒಳಗೆ ಹೋಗುವ ಮುನ್ನ ಪಾದರಕ್ಷೆ ಕಳಚಿಡುವುದರಿಂದ, ಆ ಹಳೆಯ ಜರ್ಮನ್ ಬಾಗಿಲಿನ ಮುಂದೆ ಮೆಟ್ಟಿಲ ತುದಿಯವರೆಗೂ ಜೋಡುಗಳ ಸಾಲು ಇರುತ್ತದೆ.