ಎಲ್‌ಡಿಎಲ್ ಅಳೆದದ್ದೋ, ಲೆಕ್ಕ ಹಾಕಿದ್ದೋ?

ಭಾವನ ಎಲ್‌ಡಿಎಲ್, ಅಂದರೆ ರಕ್ತದ ಕೆಟ್ಟ ಕೊಲೆಸ್ಟ್ರಾಲ್, ಹೋದ ಸಲ 119, ಈ ಸಲ 128. ಅಕ್ಕ ಅವತ್ತೇ ತುಪ್ಪದ ಡಬ್ಬಿ ಅಟ್ಟಕ್ಕೇರಿಸಿದಳು. ಮೂಡಿಗೆರೆ ಕಡೆಯ ಮನೆಯಲ್ಲಿ ಅಕ್ಕಿರೊಟ್ಟಿಗೆ ತುಪ್ಪವಿಲ್ಲ ಅಂದರೆ ಸಣ್ಣ ಶಿಕ್ಷೆಯಲ್ಲ.

ನಾನು ರಿಪೋರ್ಟು ಹಿಡಿದು ಕೂತೆ. ಎಷ್ಟೋ ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದೇ ಇಲ್ಲ. 1972ರ ಫ್ರೀಡ್‌ವಾಲ್ಡ್ ಸೂತ್ರ ಇದೆಯಲ್ಲ, ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಕಳೆ, ಟ್ರೈಗ್ಲಿಸರೈಡಿನ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) ಐದರಲ್ಲೊಂದು ಪಾಲನ್ನೂ ಕಳೆ. ಭಾವನದು 210, 46, 180. ಕಳೆದು ನೋಡಿ, ಸರಿಯಾಗಿ 128! ಅಂದರೆ ಮೂರು ಅಳತೆಗಳ ಸಣ್ಣಪುಟ್ಟ ಏರುಪೇರೆಲ್ಲ ಇದೊಂದರ ತಲೆಗೆ. ಟ್ರೈಗ್ಲಿಸರೈಡ್ 400 ದಾಟಿದರಂತೂ ಈ ಲೆಕ್ಕ ನಂಬುವ ಹಾಗಿಲ್ಲ. ಪರೀಕ್ಷೆಗೆ ತಿಂದು ಹೋದರೆ ಮುಖ್ಯವಾಗಿ ಏರುವುದೂ ಟ್ರೈಗ್ಲಿಸರೈಡೇ. (ಹಾಲು, ಸಕ್ಕರೆ ಹಾಕಿದ ಕಾಫಿ ಕುಡಿದರೆ ಉಪವಾಸ ಮುರಿದಂತೆಯೇ, ನಮ್ಮ ಕಾಫಿ ನಾಡಿನವರು ಒಪ್ಪುವುದಿಲ್ಲ ಅಷ್ಟೆ.)

ಲ್ಯಾಬು ಎಷ್ಟೇ ಚೆನ್ನಾಗಿರಲಿ, ಒಬ್ಬರದೇ ರಕ್ತದಲ್ಲಿ ದಿನದಿಂದ ದಿನಕ್ಕೆ ಇಷ್ಟು ವ್ಯತ್ಯಾಸ ಸಹಜ. ಒಂಬತ್ತಕ್ಕೆ ಹೆದರಬೇಡ ಅಂತ ಅಕ್ಕನಿಗೆ ಹೇಳಿದೆ. ಡಾಕ್ಟರೂ ಅದನ್ನು ಬಿಟ್ಟು ಬೀಪಿ, ಶುಗರು, ಬೀಡಿ ವಿಚಾರಿಸಿದರು. ಬೀಡಿ ಅಂದ ಕೂಡಲೇ ಭಾವ ಮಳೆಯ ಮಾತು ತೆಗೆದರು.