ಬಾರ್ ಕೆಂಪಾಯ್ತು, ಡಿಬಿಎ ಸುಮ್ಮನಾದರು

ನಮ್ಮ ರಿಲೀಸ್ ಕಾಲ್‌ನಲ್ಲಿ, ಅಂದರೆ ಸಾಫ್ಟ್‌ವೇರ್ ಬಿಡುಗಡೆಗೆ ಮುಂಚಿನ ಆನ್‌ಲೈನ್ ಮೀಟಿಂಗ್‌ನಲ್ಲಿ, ಹನ್ನೊಂದು ಜನ. ಮಾತಾಡೋದು ಮೂರೇ ಜನ. ಉಳಿದವರದ್ದು ಮ್ಯೂಟ್, ಕ್ಯಾಮೆರಾ ಆಫ್, ಕೊನೆಗೆ ‘ನಥಿಂಗ್ ಫ್ರಮ್ ಮೈ ಸೈಡ್’. ‘ಎಂಗೇಜ್‌ಮೆಂಟ್ ಸಾಲದು’ ಅಂತ ಮ್ಯಾನೇಜರ್ ಗೊಣಗಾಟ ಬೇರೆ. ಅದಕ್ಕೇ ಒಂದು ಪ್ಲಗಿನ್ ಹಾಕಿಸಿದೆ. ಮಾತಾಡಿದಷ್ಟೂ ಹೆಸರಿನ ಮುಂದೆ ಬಾರ್ ಬೆಳೆಯುತ್ತದೆ. ಮೊದಲು ಹಸಿರು, ಪಾಲು ಜಾಸ್ತಿಯಾದರೆ ಕೆಂಪು. ಎಲ್ಲರಿಗೂ ಕಾಣಲಿ ಅಂತ ಸ್ಕ್ರೀನ್ ಶೇರ್ ಮಾಡಿದೆ.

ಮೊದಲ ವಾರ ಯಾರೋ ಮ್ಯೂಟ್ ಮಾಡೋದು ಮರೆತಿದ್ದರು. ಅವರ ಮನೆ ಮಿಕ್ಸಿ ತಿರುಗಿದಷ್ಟೂ ಬಾರ್ ಬೆಳೆಯಿತು. ಚಟ್ನಿಯ ಕಾಂಟ್ರಿಬ್ಯೂಷನ್ ಚೆನ್ನಾಗಿದೆ ಅಂತ ನಕ್ಕೆವು. ಇದು ಅಳೆಯೋದು ಬರೀ ಸದ್ದನ್ನು ಅಂತ ನನಗೆ ಆಗಲೇ ಹೊಳೆಯಬೇಕಿತ್ತು.

ಮುಂದಿನ ವಾರ ಗೋ–ನೋ ಗೋ ಕಾಲ್, ಬಿಡುಗಡೆ ಮಾಡೋದಾ ಬೇಡ್ವಾ ಅಂತ ತೀರ್ಮಾನಿಸೋದು. ಡೇಟಾಬೇಸ್ ನೋಡಿಕೊಳ್ಳುವ ನಮ್ಮ ಡಿಬಿಎ ಹಿರಿಯರು, ಮಾತು ಸ್ವಲ್ಪ ಉದ್ದ. ಡೇಟಾಬೇಸ್ ಬದಲಿಸುವ ಮೈಗ್ರೇಶನ್ ಸ್ಕ್ರಿಪ್ಟ್ ಸ್ಟೇಜಿಂಗ್‌ನಲ್ಲಿ, ಅಂದರೆ ಪರೀಕ್ಷೆಯ ಸಿಸ್ಟಮ್‌ನಲ್ಲಿ, ಎಷ್ಟು ಹೊತ್ತು ಓಡಿತು ಅಂತ ಹೇಳುತ್ತಿದ್ದರು. ಗ್ರಾಹಕರು ಬಳಸೋದು ಪ್ರೊಡಕ್ಷನ್. ‘ಪ್ರೊಡಕ್ಷನ್‌ನಲ್ಲಿ ಆರ್ಡರ್ ಟೇಬಲ್ ದೊಡ್ಡದು, ಅಲ್ಲಿ...’ ಅನ್ನುವಷ್ಟರಲ್ಲಿ ಬಾರ್ ಕೆಂಪಾಯಿತು. ಅವರು ನಿಲ್ಲಿಸಿದರು. ‘ಅಯ್ಯೋ, ನಂದೇ ಜಾಸ್ತಿ ಆಯ್ತು. ಬೇರೆಯವರು ಮಾತಾಡಿ’ ಅಂದು ಮ್ಯೂಟ್ ಆದರು.

ಆಮೇಲೆ ಮೌನ. ಇಪ್ಪತ್ತು ಸೆಕೆಂಡು ಇದ್ದೀತು, ಕಾಲ್‌ನಲ್ಲಿ ಅದು ಒಂದು ಯುಗ. ‘ಅಲ್ಲಿ ಏನು ಸಾರ್?’ ಅಂತ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ನನ್ನ ಕಣ್ಣು ಖಾಲಿ ಬಾರ್‌ಗಳ ಮೇಲಿತ್ತು. ‘ನಿಮ್ಮದು ಎರಡೇ ಪರ್ಸೆಂಟ್ ಇದೆಯಲ್ಲ’ ಅಂತ ಟೆಸ್ಟಿಂಗ್ ಹುಡುಗಿಯನ್ನು ಎಳೆದೆ. ಪಾಪ, ಅವಳು ಹಳೇ ಸ್ಟೇಟಸ್ಸನ್ನೇ ಇನ್ನೊಮ್ಮೆ ಓದಿದಳು. ಬಾರ್ ಒಂಚೂರು ಬೆಳೆಯಿತು. ನನಗೆ ಖುಷಿ. ‘ಗೋ’ ಅಂದೆವು.

ಆ ರಾತ್ರಿ ಆರ್ಡರ್ ಟೇಬಲ್ ಲಾಕ್ ಆಯಿತು, ಬೇರೆ ಕೆಲಸಕ್ಕೆ ಸಿಗದಂತಾಯಿತು. ಬದಲಾವಣೆ ಹಿಂತೆಗೆಯುವ ರೋಲ್‌ಬ್ಯಾಕ್ ಮುಗಿದಾಗ ಎರಡೂವರೆ. ಡಿಬಿಎ ಹೇಳಹೊರಟಿದ್ದು ಇದನ್ನೇ.

ಆಮೇಲೆ ಹುಡುಕಿ ಓದಿದೆ. ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಜೋನ್ ಡಿಮಿಕೊ ಮತ್ತು ಜೊತೆಗಾರರು 2004ರಲ್ಲೇ ಇಂಥದ್ದನ್ನು ಪರೀಕ್ಷಿಸಿದ್ದರು. ಒಟ್ಟಿಗೆ ಕೂತು ಚರ್ಚಿಸುವ ಗುಂಪಿಗೆ ಯಾರ ಮಾತು ಎಷ್ಟು ಅಂತ ಪರದೆ ಮೇಲೆ ತೋರಿಸಿದಾಗ ಜಾಸ್ತಿ ಮಾತಾಡುವವರು ಕಡಿಮೆ ಮಾಡಿದರು. ಕಡಿಮೆ ಮಾತಾಡುವವರು ಮಾತ್ರ ಅಷ್ಟಾಗಿ ಬಾಯಿ ಬಿಡಲಿಲ್ಲ. ನಮ್ಮಲ್ಲೂ ಥೇಟ್ ಹಾಗೇ ಆಗಿತ್ತು, ಅಲ್ವಾ?

ಇನ್ನೊಂದು ವಿಷಯ ಗೊತ್ತಾಗಿದ್ದು ಆರ್‌ಸಿಎಗೆ, ಅಂದರೆ ತಪ್ಪಿನ ಮೂಲ ಹುಡುಕುವ ವರದಿಗೆ, ರೆಕಾರ್ಡಿಂಗ್ ಕೇಳುವಾಗ. ಕಾಲ್ ನಡೆಸುವ ಹೋಸ್ಟ್‌ನ ಮಾತನ್ನು ಪ್ಲಗಿನ್ ಎಣಿಸುವುದೇ ಇಲ್ಲವಂತೆ. ಆ ಕಾಲ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡಿದ್ದು ನಾನು. ಇದನ್ನು ಆರ್‌ಸಿಎಯಲ್ಲಿ ಬರೆದಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಪ್ಲಗಿನ್ ತೆಗೆಸೋಣ ಅಂದರೆ ಲೈಸೆನ್ಸ್ ವರ್ಷಕ್ಕಿದೆ. ಮ್ಯಾನೇಜರ್‌ಗೆ ಪ್ರೆಸೆಂಟೇಶನ್‌ನಲ್ಲಿ ಹಾಕಲು ಆ ಗ್ರಾಫ್ ಬೇಕಂತೆ. ಈಗ ಅದು ನನ್ನ ಸ್ಕ್ರೀನ್‌ನಲ್ಲಷ್ಟೇ ಓಡುತ್ತದೆ. ಕಾಲ್‌ಗೆ ಮೊದಲು ಎಲ್ಲರೂ ಶೀಟ್‌ನಲ್ಲಿ ಒಂದೊಂದು ರಿಸ್ಕ್ ಬರೆಯುತ್ತಾರೆ. ಟೆಸ್ಟಿಂಗ್ ಹುಡುಗಿಯ ಸಾಲೇ ಎಲ್ಲರಿಗಿಂತ ಉದ್ದ.

ಮೊನ್ನೆ ಡಿಬಿಎ ಬಾಯಿ ತೆರೆಯುವ ಮೊದಲು ಕೇಳಿದರು: ‘ಏನಪ್ಪಾ, ಬಾರ್ ಬಂದ್ ತಾನೇ?’